ಖರ್ಚು ಉಳಿಸೋ ಅಡುಗೆಮನೆ ಟಿಪ್ಸ್: ನಿಜವಾಗ್ಲೂ ಉಳಿಯೋದು ಯಾವುದ್ರಲ್ಲಿ?

ತಿಂಗಳ ಕೊನೆ:
ಎಲ್ರಿಗೂ ನಮಸ್ಕಾರ. ಮನೇಲಿ ನಾವು ನಾಲ್ಕು ಜನ, ಸಂಬಳ ಇದ್ದಲ್ಲೇ ಇದೆ, ದಿನಸಿ ಗ್ಯಾಸು ಕರೆಂಟು ಮಾತ್ರ ಏರ್ತಾನೇ ಇದೆ. ಉಳಿತಾಯದ ಟಿಪ್ಸ್ ಅಂತ ಹುಡುಕಿದ್ರೆ ರಾಶಿ ರಾಶಿ ಸಿಗುತ್ತೆ, ಸಿಪ್ಪೆ ಎಸೀಬೇಡಿ, ಚಾರ್ಜರ್ ಪ್ಲಗ್ ತೆಗೀರಿ, ಸೋಪಿನ ಚೂರೆಲ್ಲಾ ಸೇರಿಸಿ ಉಂಡೆ ಕಟ್ಟಿ, ಟೂತ್‌ಪೇಸ್ಟ್ ಟ್ಯೂಬ್ ಕತ್ತರಿಸಿ. ಇದನ್ನೆಲ್ಲಾ ಮಾಡ್ತಾ ಕೂತ್ರೆ ಬೇರೆ ಕೆಲಸಕ್ಕೆ ಪುರುಸೊತ್ತೇ ಇರಲ್ಲ, ಕೊನೆಗೆ ಬಿಲ್ಲು ನೋಡಿದ್ರೆ ಮೊದ್ಲಿನಷ್ಟೇ ಬಂದಿರುತ್ತೆ. ನನ್ ಪ್ರಶ್ನೆ ಇಷ್ಟೇ, ಯಾವುದ್ರಿಂದ ನಿಜವಾಗ್ಲೂ ಲೆಕ್ಕ ಬದಲಾಗುತ್ತೆ, ಯಾವುದು ಬರೀ ಮನಸ್ಸಮಾಧಾನಕ್ಕೆ? ಮಾಡಿ ನೋಡಿದೋರು ಹೇಳಿ. "ಹೊರಗೆ ತಿನ್ನೋದು ಬಿಡಿ" ಅನ್ನೋರಿಗೆ ಮುಂಚೆನೇ ಹೇಳ್ಬಿಡ್ತೀನಿ, ಅದನ್ನ ಬಿಟ್ಟಾಗಿದೆ.

ಹಳೇ ಕುಕ್ಕರ್:
ಮೊದ್ಲು ಕಸದ ಬುಟ್ಟಿ ನೋಡಮ್ಮ, ಅಂಗಡಿ ಬಿಲ್ಲು ಆಮೇಲೆ ನೋಡುವಂತೆ. ಫ್ರಿಜ್ ಬಾಗಿಲಿಗೆ ಒಂದು ಚೀಟಿ ಅಂಟಿಸು, ಒಂದು ವಾರ ಎಸೆದಿದ್ದನ್ನೆಲ್ಲಾ ಬರಿ. ಕೊಳೆತ ಅರ್ಧ ಕಟ್ಟು ಸೊಪ್ಪು, ಪಾತ್ರೆ ತಳದಲ್ಲಿ ಉಳಿದ ಅನ್ನ, ಹಿಂದ್ಗಡೆ ಮೂಲೇಲಿ ಯಾರ ಕಣ್ಣಿಗೂ ಬೀಳದೆ ಕೂತಿದ್ದ ಡಬ್ಬಿ, ಹೀಗೆ. ಯಾರು ಎಸೆದ್ರು ಅಂತ ಬರೀಬೇಡ, ಜಗಳ ಆಗುತ್ತೆ. ಏನು ಎಸೆದ್ವಿ ಅಂತ ಮಾತ್ರ. ವಾರ ಮುಗಿಯೋಷ್ಟರಲ್ಲಿ ಯಾವುದೋ ಒಂದೆರಡು ಐಟಂ ಮತ್ತೆ ಮತ್ತೆ ಬಂದಿರುತ್ತೆ ನೋಡು. ಮುಂದಿನ ಸಲ ಅದನ್ನ ಅರ್ಧ ತಗೋ. ಇದಕ್ಕಿಂತ ದೊಡ್ಡ ಉಳಿತಾಯ ಅಡುಗೆಮನೇಲಿ ನಾನಂತೂ ಕಂಡಿಲ್ಲ.

ಬೂಷ್ಟು ಬ್ರೆಡ್:
ಅಕ್ಕ ಹೇಳಿದ್ದು ನೂರಕ್ಕೆ ನೂರು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದವ್ರು 2024ರಲ್ಲಿ ಒಂದು ವರದಿ ಬಿಟ್ಟಿದ್ರು, 2022ನೇ ಇಸವಿ ಲೆಕ್ಕ. ಪ್ರಪಂಚದಲ್ಲಿ ವೇಸ್ಟ್ ಆದ ಆಹಾರ ಸುಮಾರು 105 ಕೋಟಿ ಟನ್, ಅದ್ರಲ್ಲಿ ಶೇ. 60 ಬಂದಿದ್ದು ಮನೆಗಳಿಂದ. ಹೋಟ್ಲು ಅಂಗಡಿ ಎಲ್ಲಾ ಸೇರಿದ್ರೂ ನಮ್ ನಿಮ್ ಅಡುಗೆಮನೆಗಳಷ್ಟು ಇಲ್ಲ. ನಾವು ಮದುವೆ ಊಟದಲ್ಲಿ ಎಲೆ ಮೇಲೆ ಬಿಟ್ಟಿದ್ದನ್ನ ನೋಡಿ ಹೊಟ್ಟೆ ಉರ್ಕೊಳ್ತೀವಿ.

ಸುಮ್ನೆ ಕೇಳ್ದೆ:
ಆ ಲೆಕ್ಕದಲ್ಲಿ ಸಿಪ್ಪೆ, ಮೂಳೆ, ಮೊಟ್ಟೆ ಚಿಪ್ಪು ಥರ ತಿನ್ನೋಕಾಗ್ದೇ ಇರೋದೂ ಸೇರಿದೆ ಸ್ವಾಮಿ. ಪೂರ್ತಿ ಒಳ್ಳೇ ಊಟಾನೇ ಎಸೆದಿದಾರೆ ಅನ್ನೋ ಹಾಗೆ ಹೇಳ್ಬೇಡಿ.

ಬೂಷ್ಟು ಬ್ರೆಡ್:
ಸೇರಿದೆ, ಒಪ್ಪಿದೆ. ಆದ್ರೂ ಮನೆ ಪಾಲು ದೊಡ್ಡದೇ ತಾನೆ?

ಮೊಂಡು ಚಾಕು:
ತಿನ್ನೋಕಾಗಲ್ಲ ಅನ್ನೋದನ್ನೂ ಸ್ವಲ್ಪ ನೋಡ್ಬೇಕು. ಹೂಕೋಸು ತಂದು ಹೂವು ಮಾತ್ರ ಬಿಡಿಸ್ಕೊಂಡು ದಂಟು ಎಸೀತಾರೆ, ತೂಕ ಹಾಕಿ ನೋಡಿ, ಕಾಸು ಕೊಟ್ಟಿದ್ರಲ್ಲಿ ಎಷ್ಟು ಭಾಗ ಬುಟ್ಟಿಗೆ ಹೋಯ್ತು ಅಂತ. ಹೊರಗಿನ ನಾರು ಕೆತ್ತಿ ಒಳಗಿನ ತಿರುಳು ತೆಳ್ಳಗೆ ಹೆಚ್ಚಿ ಹೂವಿಗಿಂತ ಸ್ವಲ್ಪ ಮುಂಚೆ ಬಾಣಲೆಗೆ ಹಾಕಿದ್ರೆ ಎರಡೂ ಒಟ್ಟಿಗೆ ಬೇಯುತ್ತೆ. ಕೊತ್ತಂಬರಿ ದಂಟಲ್ಲಿ ಎಲೆಗಿಂತ ಜಾಸ್ತಿ ಘಮ ಇರುತ್ತೆ, ಅದನ್ನ ಎಸೆಯೋರಿಗೆ ಏನ್ ಹೇಳೋದೋ ಗೊತ್ತಾಗಲ್ಲ. ಕ್ಯಾರೆಟ್ ತುದಿ, ಈರುಳ್ಳಿ ತಲೆ, ಅಣಬೆ ಕಾಲು ಎಲ್ಲಾ ಒಂದು ಕವರಲ್ಲಿ ಫ್ರೀಜರಿಗೆ ಹಾಕ್ತಾ ಹೋಗಿ, ತುಂಬಿದ ದಿನ ನೀರಲ್ಲಿ ಕುದಿಸಿ ಸೋಸಿದ್ರೆ ಸೂಪಿಗೆ ಒಳ್ಳೇ ಸಾರ ಸಿಗುತ್ತೆ. ಆಲೂಗಡ್ಡೆ ಸಿಪ್ಪೆ ಮಾತ್ರ ಹಸಿರು ತಿರುಗಿದ್ರೆ ಬೇಡ, ಅದ್ರಲ್ಲಿ ಸೋಲನೈನ್ ಅನ್ನೋ ವಿಷ ಇರುತ್ತೆ, ಕುದಿಸಿದ್ರೂ ಹೋಗಲ್ಲ.

ತಿಂಗಳ ಕೊನೆ:
ಚೀಟಿ ಐಡಿಯಾ ಇಷ್ಟ ಆಯ್ತು ಅಕ್ಕ, ಇವತ್ತೇ ಅಂಟಿಸ್ತೀನಿ. ಗ್ಯಾಸು ಕರೆಂಟಿನ ಕಥೆ ಯಾರಾದ್ರೂ ಹೇಳಿ.

ವಾಟ್ ಲೆಕ್ಕ:
ಬಂದೆ. ಚಾರ್ಜರ್‌ದು ಮೊದ್ಲು ಮುಗಿಸ್ಬಿಡ್ತೀನಿ. ಈಗಿನ ಫೋನ್ ಚಾರ್ಜರ್ ಖಾಲಿ ಸಿಕ್ಸಿಟ್ರೆ ಎಳೆಯೋದು ಅರ್ಧ ವಾಟ್‌ಗಿಂತ ಕಮ್ಮಿ. ಅರ್ಧ ಅಂತಾನೇ ಇಟ್ಕೊಳ್ಳಿ, ವರ್ಷ ಪೂರ್ತಿ ಹಗಲು ರಾತ್ರಿ ಹಾಗೇ ಇದ್ರೂ 4.4 ಯೂನಿಟ್. ಈಗ ಗೀಸರ್ ನೋಡಿ, 2000 ವಾಟ್‌ದು ಅರ್ಧ ಗಂಟೆ ಉರಿದ್ರೆ 1 ಯೂನಿಟ್. ಅಂದ್ರೆ ಒಂದು ವಾರ ದಿನಾ ಅರ್ಧ ಗಂಟೆ ಗೀಸರ್ ಉರಿದ್ರೆ ವರ್ಷದ ಚಾರ್ಜರ್ ಲೆಕ್ಕ ದಾಟಿ ಹೋಯ್ತು. ಮನೇಲಿ ಏನನ್ನಾದ್ರೂ ಬಿಸಿ ಮಾಡೋ ಅಥವಾ ತಣ್ಣಗೆ ಮಾಡೋ ಮಷೀನ್ ಯಾವುದಿದೆ ಅಂತ ಹುಡುಕಿ, ಗೀಸರ್, ಇಸ್ತ್ರಿ ಪೆಟ್ಟಿಗೆ, ಓವನ್, ಏಸಿ, ಬಿಸಿನೀರಲ್ಲಿ ಒಗೆಯೋ ವಾಷಿಂಗ್ ಮಷೀನ್. ಬಿಲ್ಲು ಇರೋದೇ ಅಲ್ಲಿ. ಉಳಿದಿದ್ದಕ್ಕೆ ತಲೆ ಕೆಡಿಸ್ಕೋಬೇಡಿ, ಹಳೇ 60 ವಾಟ್ ಬಲ್ಬ್ ಇನ್ನೂ ಇದ್ರೆ ಮಾತ್ರ ತೆಗೆದು 9 ವಾಟ್ ಎಲ್‌ಇಡಿ ಹಾಕ್ಬಿಡಿ, ಬೆಳಕು ಹೆಚ್ಚೂ ಕಮ್ಮಿ ಅಷ್ಟೇ ಬರುತ್ತೆ.

ಇನ್ನು ಒಲೆ. ಇದೊಂದು ತಲೇಲಿ ಇಟ್ಕೊಳ್ಳಿ ಸಾಕು. ಒಂದು ಲೀಟರ್ ನೀರನ್ನ 25 ಡಿಗ್ರಿಯಿಂದ ಕುದಿಯೋ ತನಕ ತರೋಕೆ ಎಷ್ಟು ಶಾಖ ಬೇಕೋ, ಅದೇ ನೀರನ್ನ ಪೂರ್ತಿ ಆವಿ ಮಾಡೋಕೆ ಅದ್ರ ಏಳು ಪಟ್ಟು ಬೇಕು. ನೀವು ಮುಚ್ಚಳ ಇಲ್ದೆ ಕೊತಕೊತ ಕುದಿಸ್ತಾ ಇದ್ರೆ ಗ್ಯಾಸ್ ಹೋಗ್ತಿರೋದು ಬೇಳೆ ಬೇಯಿಸೋಕಲ್ಲ, ಅಡುಗೆಮನೆಗೆ ಹಬೆ ತುಂಬೋಕೆ. ಜೋರಾಗಿ ಕುದ್ರೂ ಸಣ್ಣಗೆ ಕುದ್ರೂ ನೀರಿನ ಶಾಖ ಅದೇ 100 ಡಿಗ್ರಿ, ಒಳಗಿರೋ ಆಲೂಗಡ್ಡೆಗೆ ಅದೇನು ಗೊತ್ತಾಗುತ್ತೆ? ಕುದಿ ಬಂದ ತಕ್ಷಣ ಉರಿ ಸಣ್ಣ ಮಾಡಿ, ಮುಚ್ಚಳ ಮುಚ್ಚಿ. ಕುಕ್ಕರ್‌ಗೂ ಅದೇ, ಪ್ರೆಷರ್ ಬಂದ್ಮೇಲೆ ಒಳಗೆ 120 ಡಿಗ್ರಿ ಹತ್ರ ನಿಂತಿರುತ್ತೆ, ಉರಿ ಜೋರು ಮಾಡಿದ್ರೆ ವಿಷಲ್ ಜಾಸ್ತಿ ಬರುತ್ತೆ ಅಷ್ಟೇ, ಬೇಗ ಬೇಯಲ್ಲ. ಪ್ರತಿ ವಿಷಲ್ ಅಂದ್ರೆ ನಿಮ್ ಗ್ಯಾಸ್ ಕೂಗ್ತಾ ಆಚೆ ಹೋಗ್ತಿರೋದು.

ಉದ್ದ ಸೌಟು:
ಏನ್ ಹೇಳಿದ್ರಿ ಸಾಹೇಬ್ರ! ನಮ್ಮನ್ಯಾಗ ವಿಷಲ್ ಎಣಿಸೂದ ಒಂದು ಕೆಲಸ ಆಗೇತಿ, ಐದು ಆಗ್ಲಿಲ್ಲಂದ್ರ ಬೆಂದಿಲ್ಲಂತ ನಮ್ಮ ಮನಿಯವರಿಗೆ ನಂಬಿಕಿ. ಹಂಗಾದ್ರ ವಿಷಲ್ ಲೆಕ್ಕ ಬಿಟ್ಟು ಏನ್ ನೋಡ್ಬೇಕ್ರಿ?

ವಾಟ್ ಲೆಕ್ಕ:
ಗಡಿಯಾರ ನೋಡಿ. ಮೊದಲ್ನೇ ವಿಷಲ್ ಬಂದ್ಮೇಲೆ ಉರಿ ಸಣ್ಣ, ಅಲ್ಲಿಂದ ನಿಮಿಷ ಲೆಕ್ಕ. ಆರಿಸಿದ್ಮೇಲೆ ತಾನಾಗೇ ಪ್ರೆಷರ್ ಇಳಿಯೋಕೆ ಬಿಡಿ, ಆ ಹತ್ತು ನಿಮಿಷದ ಬಿಸಿನೂ ಬೇಯಿಸ್ತಾ ಇರುತ್ತೆ, ಅದಕ್ಕೆ ಕಾಸಿಲ್ಲ.

ಮೂರನೇ ಮಹಡಿ:
ಮುಚ್ಚಳ ಮುಚ್ಚಿದ್ರೆ ಉಕ್ಕಿ ಒಲೆ ಎಲ್ಲಾ ಹಾಳಾಗುತ್ತೆ, ಅದನ್ನ ಉಜ್ಜೋ ಕೆಲಸ ನಂದೇ. ಉಳಿತಾಯ ಹೇಳೋರು ಯಾರೂ ಒಲೆ ಒರೆಸಲ್ಲ ಅನ್ಸುತ್ತೆ.

ಹಳೇ ಕುಕ್ಕರ್:
ಹಾಹಾ. ಉರಿ ಸಣ್ಣ ಮಾಡಿದ್ರೆ ಉಕ್ಕಲ್ಲಮ್ಮ. ಮುಚ್ಚಳ ಒಂಚೂರು ಓರೆ ಮಾಡಿಡು, ಪಾತ್ರೆ ಮುಕ್ಕಾಲಿಗಿಂತ ಜಾಸ್ತಿ ತುಂಬಿಸ್ಬೇಡ. ಮತ್ತೆ ಉರಿ ನೀಲಿ ಇದೆಯಾ ನೋಡು, ಹಳದಿ ಇದ್ದು ಪಾತ್ರೆ ತಳ ಕಪ್ಪಾಗ್ತಿದ್ರೆ ಬರ್ನರ್ ತೂತು ಕಟ್ಕೊಂಡಿದೆ ಅಂತ ಅರ್ಥ. ತಣ್ಣಗಾದ್ಮೇಲೆ ತೆಗೆದು ಸೋಪು ನೀರಲ್ಲಿ ತೊಳೆದು ಪಿನ್ನಲ್ಲಿ ಚುಚ್ಚಿ ಚೆನ್ನಾಗಿ ಒಣಗಿಸಿ ಹಾಕು. ಉರಿ ಪಾತ್ರೆ ಪಕ್ಕದಿಂದ ಮೇಲೆ ಹತ್ತಿದ್ರೆ ಅದೂ ದಂಡ.

ಒಂಟಿ ತಟ್ಟೆ:
ನಾನು ಒಬ್ನೇ ಇರೋದು. ಒಬ್ರಿಗೆ ಅಡುಗೆ ಮಾಡೋದು ಎಷ್ಟು ದುಬಾರಿ ಅಂತ ನಾಲ್ಕು ಜನ ಇರೋರಿಗೆ ಗೊತ್ತಿಲ್ಲ ಬಿಡಿ, ಒಂದೊಂದೇ ಹಿಡಿ ಕಾಳು ಬೇಯ್ಸಿದ್ರೆ, ಒಟ್ಟಿಗೆ ಬೇಯ್ಸೋದಕ್ಕಿಂತ ಹಿಡಿಗೆ ಬೀಳೋ ಗ್ಯಾಸು ಜಾಸ್ತಿ. ಅದಕ್ಕೆ ನಾನು ರಜೆ ದಿನ ಕಡ್ಲೆಕಾಳು ಅಥ್ವಾ ಅಲಸಂದೆ ದೊಡ್ಡ ಪ್ರಮಾಣದಲ್ಲಿ ಬೇಯ್ಸಿ, ಒಂದೊಂದು ಊಟಕ್ಕೆ ಆಗೋಷ್ಟು ಕವರಿಗೆ ಹಾಕಿ, ಚಪ್ಪಟೆಯಾಗಿ ತಟ್ಟಿ ಫ್ರೀಜರಲ್ಲಿ ಮಲಗಿಸ್ತೀನಿ. ಚಪ್ಪಟೆ ಮಾಡೋದು ಮುಖ್ಯ, ಬೇಗ ಹೆಪ್ಪುಗಟ್ಟುತ್ತೆ, ಬೇಗ ಕರಗುತ್ತೆ, ಪುಸ್ತಕದ ಹಾಗೆ ಜೋಡಿಸಿಡಬಹುದು. ಮೇಲೆ ತಾರೀಕು ಬರೆಯೋದು ಮರೀಬೇಡಿ, ಇಲ್ದಿದ್ರೆ ಎಲ್ಲಾ ಒಂದೇ ಬಣ್ಣದ ಕಲ್ಲು ಆಗಿರುತ್ತೆ.

ಉದ್ದ ಸೌಟು:
ನಮ್ಮ ಕಾಳು ಎಷ್ಟ್ ಕುದಿಸಿದ್ರೂ ಬೇಯಂಗಿಲ್ಲರೀ. ಸೋಡಾ ಹಾಕಿದ್ರ ಲಗದಿ ಆಗ್ತಾವು, ಹಾಕ್ಲಿಲ್ಲಂದ್ರ ಗೋಲಿ.

ಲ್ಯಾಬ್ ಕೋಟು:
ಇದು ನನ್ ಏರಿಯಾ. ಕಾಳು ಬೇಯ್ದೆ ಇರೋಕೆ ಮೂರ್ನಾಲ್ಕು ಕಾರಣ ಇರುತ್ತೆ, ಕಾಳು ತುಂಬ ಹಳೇದಾಗಿರ್ಬಹುದು, ಬಿಸಿ ತೇವ ಇರೋ ಜಾಗದಲ್ಲಿ ತಿಂಗಳಾನುಗಟ್ಲೆ ಇಟ್ಟಿದ್ದು ಎಷ್ಟು ಬೇಯ್ಸಿದ್ರೂ ಮೆತ್ತಗಾಗಲ್ಲ. ನೀರು ಗಡಸಿದ್ರೆ ಅದ್ರಲ್ಲಿರೋ ಕ್ಯಾಲ್ಸಿಯಂ ಮೆಗ್ನೀಷಿಯಂ ಕಾಳಿನ ಸಿಪ್ಪೇಲಿರೋ ಪೆಕ್ಟಿನ್ ಅನ್ನೋ ಅಂಟನ್ನ ಗಟ್ಟಿ ಹಿಡ್ಕೊಂಡಿರುತ್ತೆ. ಟೊಮೆಟೊ, ನಿಂಬೆ, ಯಾವ್ದೇ ಹುಳಿ ಮೊದ್ಲೇ ಹಾಕಿದ್ರೂ ಅದೇ ಕಥೆ, ಹುಳಿ ಯಾವಾಗ್ಲೂ ಕಾಳು ಬೆಂದ ಮೇಲೆ.

ಮಾಡಬೇಕಾದ್ದು ಇದು: ಒಂದು ಲೀಟರ್ ನೀರಿಗೆ ಒಂದು ಟೇಬಲ್ ಚಮಚ ಉಪ್ಪು ಕರಗಿಸಿ ಅದ್ರಲ್ಲಿ ರಾತ್ರಿ ನೆನೆಸಿ. ಹೌದು, ಉಪ್ಪು. ಉಪ್ಪು ಹಾಕಿದ್ರೆ ಗಟ್ಟಿ ಆಗುತ್ತೆ ಅಂತ ಎಲ್ರೂ ಹೇಳ್ತಾರೆ, ಆಗೋದು ಉಲ್ಟಾ. ಉಪ್ಪಿನ ಸೋಡಿಯಂ ಆ ಕ್ಯಾಲ್ಸಿಯಂ ಜಾಗಕ್ಕೆ ಹೋಗಿ ಕೂತ್ಕೊಳ್ಳುತ್ತೆ, ಸಿಪ್ಪೆ ಮೆತ್ತಗಾಗುತ್ತೆ, ಒಡೆದು ಲಗದಿನೂ ಆಗಲ್ಲ. ಬೆಳಿಗ್ಗೆ ಆ ನೀರು ಚೆಲ್ಲಿ, ತೊಳೆದು, ಹೊಸ ನೀರಲ್ಲಿ ಬೇಯ್ಸಿ. ಬೆರಳಲ್ಲಿ ಒತ್ತಿ ನೋಡಿ, ನೆನೆದ ಕಾಳು ಉಗುರು ತಾಗಿಸಿದ್ರೆ ಇಬ್ಭಾಗ ಆಗಬೇಕು, ಮಧ್ಯದಲ್ಲಿ ಬಿಳಿ ಒಣ ಚುಕ್ಕೆ ಇದ್ರೆ ಇನ್ನೂ ನೆನೆದಿಲ್ಲ.

ಉದ್ದ ಸೌಟು:
ಉಪ್ಪು ನೀರಾಗ ನೆನಸೂದಾ! ನಮ್ಮವ್ವ ಕೇಳಿದ್ರ ಸೌಟು ತಗೊಂಡು ಬರ್ತಾಳ. ಮಾಡಿ ಹೇಳ್ತೀನ್ರಿ.

ಕಡಲ ಕಾಗೆ:
ನಾವು ಕುದಿ ಬಂದ ಪಾತ್ರೆಯನ್ನ ಹಳೇ ಕಂಬಳಿಯಲ್ಲಿ ಸುತ್ತಿ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಇಡುವುದು ಉಂಟು ಮಾರಾಯ್ರೆ. ಗ್ಯಾಸೇ ಬೇಡ, ಅಕ್ಕಿ ಬೇಳೆ ಎಲ್ಲ ಅದರ ಪಾಡಿಗೆ ಬೇಯ್ತದೆ. ಎರಡನೇ ಮಹಾಯುದ್ಧದ ಸಮಯದಲ್ಲಿ ಬ್ರಿಟನ್‌ನಲ್ಲಿ ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಇದೇ ಮಾಡ್ತಿದ್ದರಂತೆ, ಉರುವಲು ಉಳಿಸ್ಲಿಕ್ಕೆ. ಪಾತ್ರೆ ದೊಡ್ಡದು, ತುಂಬ ಇದ್ದಷ್ಟು ಒಳ್ಳೇದು. ಅರ್ಧ ಪಾತ್ರೆ ಇಟ್ರೆ ಬೇಗ ತಣಿತದೆ.

ಲ್ಯಾಬ್ ಕೋಟು:
ಅಕ್ಕಿಗೆ ಬೇಳೆಗೆ ಸರಿ ಅಣ್ಣ, ತೆಗೆದಾಗ ಕೈ ಸುಡೋ ಬಿಸಿ ಇರ್ಬೇಕು, 60 ಡಿಗ್ರಿಗಿಂತ ಕೆಳಗೆ ಇಳಿದು ಗಂಟೆಗಟ್ಲೆ ಕೂತ್ರೆ ಬ್ಯಾಕ್ಟೀರಿಯಾಕ್ಕೆ ಹಬ್ಬ. ರಾಜ್ಮಾ ಮಾತ್ರ ಇದ್ರಲ್ಲಿ ದಯವಿಟ್ಟು ಬೇಡ. ರಾಜ್ಮಾದಲ್ಲಿ ಲೆಕ್ಟಿನ್ ಅಂತ ವಿಷ ಇರುತ್ತೆ, 80 ಡಿಗ್ರಿ ಆಸುಪಾಸಲ್ಲಿ ಅರೆಬರೆ ಬೆಂದ್ರೆ ಹಸಿ ಕಾಳಿಗಿಂತ ಕೆಟ್ಟದ್ದು, ನಾಲ್ಕೈದು ಕಾಳು ತಿಂದ್ರೂ ವಾಂತಿ ಶುರು ಆಗಬಹುದು. ಕನಿಷ್ಠ 5 ಗಂಟೆ ನೆನೆಸಿ, ನೀರು ಚೆಲ್ಲಿ, ಹೊಸ ನೀರಲ್ಲಿ ಕೊತಕೊತ ಕನಿಷ್ಠ 10 ನಿಮಿಷ ಕುದೀಲೇಬೇಕು, ಅರ್ಧ ಗಂಟೆ ಕುದ್ರೆ ಇನ್ನೂ ನೆಮ್ಮದಿ. ಕುಕ್ಕರಲ್ಲಿ ಪೂರ್ತಿ ಬೇಯ್ಸೋರಿಗೆ ತೊಂದ್ರೆ ಇಲ್ಲ.

ಕಡಲ ಕಾಗೆ:
ಇದು ನನಗೆ ಹೊಸತು. ರಾಜ್ಮಾ ನಾವು ತರುವುದೇ ಅಪರೂಪ, ಆದ್ರೂ ಹೇಳಿದ್ದು ಒಳ್ಳೇದಾಯ್ತು.

ಮೂರನೇ ಮಹಡಿ:
ಉಳಿದ ಅನ್ನದ ಬಗ್ಗೆ ಕೇಳ್ಬೇಕು. ಬಿಸಿ ಅನ್ನ ಫ್ರಿಜ್‌ಗೆ ಇಡ್ಬಾರ್ದು ಅಂತಾರೆ, ಹೊರಗೆ ಇಟ್ರೂ ಬೈತೀರಿ. ರಾತ್ರಿ ಹೊರಗಿಟ್ಟು ಬೆಳಿಗ್ಗೆ ಚೆನ್ನಾಗಿ ಬಿಸಿ ಮಾಡಿ ತಿಂದ್ರೆ ಏನಾಗುತ್ತೆ? ನಮಗಂತೂ ಇಷ್ಟು ವರ್ಷ ಏನೂ ಆಗಿಲ್ಲ.

ಲ್ಯಾಬ್ ಕೋಟು:
ಆಗಿಲ್ಲ ಅಂದ್ರೆ ಪುಣ್ಯ ಮಾಡಿದೀರಿ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾದ ಬೀಜಾಣು ಇರುತ್ತೆ, ಕುದಿಸಿದ್ರೂ ಸಾಯಲ್ಲ. ಅನ್ನ ಬೆಚ್ಚಗೆ ಹೊರಗೆ ಕೂತಾಗ ಅದು ಮೊಳೆತು ಬೆಳೆದು ವಿಷ ಬಿಡುತ್ತೆ, ಆ ವಿಷ ಬಿಸಿ ಮಾಡಿದ್ರೆ ಹೋಗಲ್ಲ. "ಚೆನ್ನಾಗಿ ಬಿಸಿ ಮಾಡಿದ್ವಿ" ಅನ್ನೋದು ಇಲ್ಲಿ ಉಪಯೋಗಕ್ಕೆ ಬರಲ್ಲ. ಅಗಲವಾದ ತಟ್ಟೇಲಿ ತೆಳ್ಳಗೆ ಹರಡಿ, ಹಬೆ ಹೋದ ಮೇಲೆ ಒಂದು ಗಂಟೆ ಒಳಗೆ ಫ್ರಿಜ್‌ಗೆ ಸೇರಿಸಿ, ಮಾರನೇ ದಿನ ಮುಗಿಸಿ. ಮಿಕ್ಕ ಅಡುಗೆ ಫ್ರಿಜಲ್ಲಿ ಮೂರ್ನಾಲ್ಕು ದಿನ ಇರುತ್ತೆ, ಫ್ರಿಜ್ 4 ಡಿಗ್ರಿ ಅಥವಾ ಕೆಳಗೆ ಇದ್ರೆ ಮಾತ್ರ.

ಸುಮ್ನೆ ಕೇಳ್ದೆ:
ಉಳಿತಾಯ ಅಂತ ಶುರು ಆಗಿದ್ದು ಹೆದರಿಸೋ ಕ್ಲಾಸ್ ಆಯ್ತು.

ಹಳೇ ಕುಕ್ಕರ್:
ಡಾಕ್ಟ್ರ ಫೀಸು ಕೊಟ್ರೆ ಉಳಿತಾಯ ಎಲ್ಲಿಂದ ಬಂತಪ್ಪ? ಅವರು ಹೇಳ್ಲಿ ಬಿಡು.

ಬೂಷ್ಟು ಬ್ರೆಡ್:
ನನ್ ಹೆಸರಿಗೆ ತಕ್ಕ ಹಾಗೆ ಬ್ರೆಡ್ ಬಗ್ಗೆ ಹೇಳ್ಲೇಬೇಕು. ಬ್ರೆಡ್ ಫ್ರಿಜಲ್ಲಿ ಇಡ್ಬೇಡಿ, ಒಣಕಲಾಗೋದು ಅಲ್ಲೇ ಬೇಗ. ಅದ್ರೊಳಗಿನ ಪಿಷ್ಟ ಮತ್ತೆ ಹರಳುಗಟ್ಟೋಕೆ ಫ್ರಿಜ್‌ನ ತಂಪೇ ಪ್ರಶಸ್ತ. ಎರಡು ದಿನದಲ್ಲಿ ಮುಗಿಯೋದಾದ್ರೆ ಹೊರಗೆ, ಇಲ್ಲಾಂದ್ರೆ ತಂದ ದಿನಾನೇ ಫ್ರೀಜರಿಗೆ, ಬೇಕಾದಷ್ಟು ಸ್ಲೈಸ್ ತೆಗೆದು ಹಾಗೇ ಕಾವಲಿ ಮೇಲೆ ಹಾಕಿ. ಬೂಷ್ಟು ಬಂದ್ಮೇಲೆ ಆ ಭಾಗ ಕಿತ್ತು ಉಳಿದಿದ್ದು ತಿನ್ನೋದು ಬೇಡ, ಬ್ರೆಡ್ ಮೆತ್ತಗಿರೋದ್ರಿಂದ ಬೇರು ಒಳಗೆ ಹೋಗಿರುತ್ತೆ, ಕಣ್ಣಿಗೆ ಕಾಣಲ್ಲ.

ಮೊಂಡು ಚಾಕು:
ಈರುಳ್ಳಿ ಆಲೂಗಡ್ಡೆ ಒಂದೇ ಬುಟ್ಟೀಲಿ ಹಾಕೋರಿಗೆ ಒಂದು ಮಾತು, ಬೇರೆ ಬೇರೆ ಇಡಿ, ಜೊತೇಲಿದ್ರೆ ಮೊಳಕೆ ಬರೋದು ಕೊಳೆಯೋದು ಎರಡೂ ಬೇಗ. ಎರಡಕ್ಕೂ ಗಾಳಿ ಬೇಕು, ಆಲೂಗಡ್ಡೆಗೆ ಕತ್ತಲೂ ಬೇಕು. ಆಪಲ್ ಬಾಳೆಹಣ್ಣು ಸೊಪ್ಪಿನ ಪಕ್ಕ ಬೇಡ, ಅವು ಬಿಡೋ ಎಥಿಲೀನ್ ಅನ್ನೋ ಅನಿಲಕ್ಕೆ ಸೊಪ್ಪು ಬೇಗ ಹಳದಿ ತಿರುಗುತ್ತೆ. ಸೊಪ್ಪು ತೊಳೆಯದೆ, ಬೇರು ಕತ್ತರಿಸಿ, ಒಣ ಬಟ್ಟೇಲಿ ಸಡಿಲವಾಗಿ ಸುತ್ತಿ ಡಬ್ಬೀಲಿ ಇಟ್ರೆ ವಾರ ತಡೆಯುತ್ತೆ. ಮೊಟ್ಟೆ ನೀರಲ್ಲಿ ತೇಲಿದ್ರೆ ಹಳೇದು ಅಂತ ಅರ್ಥ, ಕೆಟ್ಟಿದೆ ಅಂತಾನೇ ಅಲ್ಲ, ಒಳಗಿನ ಗಾಳಿ ಜಾಗ ದೊಡ್ಡದಾಗಿರುತ್ತೆ ಅಷ್ಟೇ. ಬೇರೆ ಬಟ್ಟಲಿಗೆ ಒಡೆದು ಮೂಸಿ ನೋಡಿ, ಕೆಟ್ಟಿದ್ರೆ ಮೂಗೇ ಹೇಳುತ್ತೆ.

ತಿಂಗಳ ಕೊನೆ:
ಮೂಟೆಗಟ್ಲೆ ತಗೊಂಡ್ರೆ ಅಗ್ಗ ಅಂತಾರಲ್ಲ, ಅದು ಹೇಗೆ? ನಾನು ದೊಡ್ಡ ಪ್ಯಾಕ್ ಕಂಡ್ರೆ ಕೈ ಹಾಕ್ತೀನಿ.

ಸುಮ್ನೆ ಕೇಳ್ದೆ:
ದೊಡ್ಡ ಪ್ಯಾಕ್ ಯಾವಾಗ್ಲೂ ಅಗ್ಗ ಅಲ್ಲ ಮೇಡಂ, ಫೋನ್ ತೆಗೆದು ನೂರು ಗ್ರಾಂಗೆ ಎಷ್ಟು ಬೀಳುತ್ತೆ ಅಂತ ಭಾಗಿಸಿ ನೋಡಿ, ಎಷ್ಟೋ ಸಲ ಮಧ್ಯದ ಪ್ಯಾಕೇ ಕಮ್ಮಿ ಇರುತ್ತೆ. "ಒಂದು ತಗೊಂಡ್ರೆ ಒಂದು ಫ್ರೀ" ಅನ್ನೋದಂತೂ ನಿಮಗೆ ಒಂದೂ ಬೇಡದ ವಸ್ತುವನ್ನ ಎರಡು ಮಾರೋ ವಿದ್ಯೆ.

ಹಳೇ ಕುಕ್ಕರ್:
ಕೆಡದೇ ಇರೋದು, ದಿನಾ ಖರ್ಚಾಗೋದು, ಇಡೋಕೆ ಜಾಗ ಇರೋದು. ಮೂರೂ ಇದ್ರೆ ಮಾತ್ರ ಜಾಸ್ತಿ ತಗೋಮ್ಮ. ಎಣ್ಣೆ, ಮಸಾಲೆ ಪುಡಿ, ಒಣಹಣ್ಣು ಅಗ್ಗಕ್ಕೆ ಸಿಗ್ತು ಅಂತ ರಾಶಿ ಹಾಕಿದ್ರೆ ಎಣ್ಣೆ ಕಮಟು, ಪುಡಿ ಘಮ ಹೋಗಿರುತ್ತೆ. ಅಕ್ಕಿ ಹಿಟ್ಟಿಗೆ ಹುಳ ಬರುತ್ತೆ ಅಂದ್ರೆ ತಂದ ತಕ್ಷಣ ಕವರಲ್ಲಿ ಕಟ್ಟಿ ಮೂರ್ನಾಲ್ಕು ದಿನ ಫ್ರೀಜರಲ್ಲಿಟ್ಟು ತೆಗಿ, ಮೊಟ್ಟೆ ಸಮೇತ ಸಾಯುತ್ತೆ. ಹೊರಗೆ ತೆಗೆದ ಮೇಲೆ ಕವರ್ ಪೂರ್ತಿ ರೂಮಿನ ಬಿಸಿಗೆ ಬರೋ ತನಕ ಬಿಚ್ಚಬೇಡ, ಬಿಚ್ಚಿದ್ರೆ ತೇವ ಕೂತ್ಕೊಳ್ಳುತ್ತೆ. ಹೊಸದನ್ನ ಹಳೇದರ ಮೇಲೆ ಸುರೀಬೇಡ, ಹಳೇದು ಮೊದ್ಲು ಮುಗಿಸು.

ಒಂಟಿ ತಟ್ಟೆ:
ಪ್ಯಾಕೆಟ್ ಮೇಲೆ "ಇಷ್ಟರೊಳಗೆ ಉತ್ತಮ" ಅಂತ ಇದ್ರೆ ಅದು ರುಚಿ ಲೆಕ್ಕ, ಆ ದಿನ ದಾಟಿದ ಬಿಸ್ಕತ್ತು ಬೇಳೆ ಮೂಸಿ ನೋಡಿ ಬಳಸಬಹುದು. "ಇಷ್ಟರೊಳಗೆ ಬಳಸಿ" ಅಂತ ಇದ್ರೆ ಅದು ಸುರಕ್ಷತೆ ಲೆಕ್ಕ, ಅಲ್ಲಿ ಚೌಕಾಸಿ ಬೇಡ. ಇದೆರಡನ್ನ ಒಂದೇ ಅಂದ್ಕೊಂಡು ಒಳ್ಳೇ ಮಾಲು ಎಸೆಯೋರು ತುಂಬ ಜನ.

ಉದ್ದ ಸೌಟು:
ಈಗ ಕ್ಲೀನಿಂಗ್ ಮಾತಿಗೆ ಬರ್ರಿ. ವಿನಿಗರ್ ಅಡುಗೆ ಸೋಡಾ ಎರಡೂ ಕೂಡ್ಸಿ ಹಾಕಿದ್ರ ಬುಸ್ ಅಂತ ನೊರಿ ಬಂದು ಎಲ್ಲಾ ಕೊಳಿ ಹೊಕ್ಕೈತಿ ಅಂತಾರಲ್ಲ, ಲಿಕ್ವಿಡ್ ಖರ್ಚು ಉಳೀತದಂತ.

ವಾಟ್ ಲೆಕ್ಕ:
ಬುಸ್ ಅನ್ನೋದು ನೋಡೋಕೆ ಚೆಂದ. ಆಮ್ಲ ಕ್ಷಾರ ಎರಡೂ ಒಂದನ್ನೊಂದು ಕೊಂದ್ಕೊಂಡು ಉಳಿಯೋದು ಒಂಥರಾ ಉಪ್ಪು ನೀರು, ಗಾಳಿಗೆ ಹೋಗೋದು ಕಾರ್ಬನ್ ಡೈಆಕ್ಸೈಡ್. ಎರಡು ಒಳ್ಳೇ ಸಾಮಾನು ಸೇರಿಸಿ ಒಂದು ನಿಷ್ಪ್ರಯೋಜಕ ಸಾಮಾನು ಮಾಡಿದ ಹಾಗೆ.

ಮೂರನೇ ಮಹಡಿ:
ಒಪ್ಪಲ್ಲ. ನಮ್ಮ ಸಿಂಕ್ ಕಟ್ಕೊಂಡಾಗ ಅದೇ ಹಾಕಿ ಬಿಸಿನೀರು ಹುಯ್ದೆ, ಹೋಯ್ತು.

ವಾಟ್ ಲೆಕ್ಕ:
ಬಿಸಿನೀರೇ ಕೆಲಸ ಮಾಡಿದ್ದು ಮೇಡಂ! ಜಿಡ್ಡು ಕರಗಿಸಿದ್ದು ಅದು.

ಮೂರನೇ ಮಹಡಿ:
ನೊರೆ ತಳ್ಳಿರುತ್ತೆ ಸ್ವಲ್ಪ, ನನ್ ಸಿಂಕು ನನಗೆ ಗೊತ್ತು.

ಲ್ಯಾಬ್ ಕೋಟು:
ಇಬ್ರೂ ಸಮಾಧಾನ. ಬೇರೆ ಬೇರೆಯಾಗಿ ಬಳಸಿದ್ರೆ ಎರಡೂ ಅಗ್ಗದ ಒಳ್ಳೇ ಸಾಮಾನು. ನಲ್ಲಿ ಬಾಯಲ್ಲಿ, ಕೆಟಲ್ ಒಳಗೆ ಕಟ್ಟೋ ಬಿಳಿ ಉಪ್ಪಿನ ಪದರ ಕ್ಯಾಲ್ಸಿಯಂ ಕಾರ್ಬೋನೇಟ್, ಅದಕ್ಕೆ ವಿನಿಗರ್ ಅಥ್ವಾ ನಿಂಬೆರಸ. ಸುಟ್ಟ ತಳಕ್ಕೆ, ಜಿಡ್ಡಿಗೆ ಸೋಡಾ ಪೇಸ್ಟ್ ಹಚ್ಚಿ ಬಿಡೋದು, ಅಲ್ಯೂಮಿನಿಯಂ ಪಾತ್ರೆಗೆ ಮಾತ್ರ ಬೇಡ, ಕಪ್ಪಾಗುತ್ತೆ. ಒಂದೇ ಒಂದು ದೊಡ್ಡಕ್ಷರದಲ್ಲಿ ಓದ್ಕೊಳ್ಳಿ, ಬ್ಲೀಚ್ ಜೊತೆ ವಿನಿಗರ್ ಯಾವತ್ತೂ ಸೇರಿಸ್ಬೇಡಿ, ಕ್ಲೋರಿನ್ ಗ್ಯಾಸ್ ಬರುತ್ತೆ. ಅಮೋನಿಯಾ ಇರೋ ಕ್ಲೀನರ್ ಜೊತೆಗೂ ಬ್ಲೀಚ್ ಬೇಡ. ಬಾತ್‌ರೂಮ್ ಬಾಗಿಲು ಹಾಕ್ಕೊಂಡು "ಎರಡೂ ಹಾಕಿದ್ರೆ ಡಬಲ್ ಕ್ಲೀನ್" ಅಂತ ಹೋದ್ರೆ ಆಸ್ಪತ್ರೆನೇ ಗತಿ.

ಕಡಲ ಕಾಗೆ:
ಬಟ್ಟೆ ಸೋಪಿನ ಪುಡಿ ಎಲ್ಲರೂ ಕಣ್ಣಳತೆಯಲ್ಲಿ ಸುರಿಯುವುದಲ್ವಾ? ಪ್ಯಾಕೆಟಿನಲ್ಲಿ ಹೇಳಿದಷ್ಟೇ ಹಾಕಿ ನೋಡಿ, ಜಾಸ್ತಿ ಹಾಕಿದ್ರೆ ನೊರೆ ಹೋಗ್ಲಿಕ್ಕೆ ಇನ್ನೊಂದು ಸಲ ನೀರು ಬೇಕು, ಬಟ್ಟೆಯೂ ಗಡಸು ಆಗ್ತದೆ. ತಣ್ಣೀರಲ್ಲಿ ಒಗೆದ್ರೆ ದಿನದ ಬಟ್ಟೆಗೆ ಧಾರಾಳ ಸಾಕು, ಬಿಸಿಲಲ್ಲಿ ಒಣಗ್ಲಿಕ್ಕೆ ಕರೆಂಟೂ ಬೇಡ.

ಮೂರನೇ ಮಹಡಿ:
ಸೋರೋ ನಲ್ಲಿ ಬಗ್ಗೆ ಯಾರೂ ಹೇಳ್ಲಿಲ್ಲ! ತೊಟ್ಟಿಕ್ಕೋ ನಲ್ಲಿ ಕೆಳಗೆ ರಾತ್ರಿ ಒಂದು ಬಕೆಟ್ ಇಟ್ಟು ಮಲಗಿ, ಬೆಳಿಗ್ಗೆ ನೋಡಿದ್ರೆ ವಾಷರ್ ತರೋಕೆ ನೀವೇ ಓಡ್ತೀರಿ. ಟಾಯ್ಲೆಟ್ ಟ್ಯಾಂಕ್ ಸದ್ದಿಲ್ದೆ ಸೋರ್ತಿರುತ್ತೆ, ಟ್ಯಾಂಕಿಗೆ ನಾಲ್ಕು ಹನಿ ಫುಡ್ ಕಲರ್ ಹಾಕಿ ಅರ್ಧ ಗಂಟೆ ಫ್ಲಶ್ ಮಾಡದೆ ಬಿಡಿ, ಕೆಳಗೆ ಬಣ್ಣ ಬಂದ್ರೆ ಒಳಗಿನ ರಬ್ಬರ್ ಹೋಗಿದೆ.

ವಾಟ್ ಲೆಕ್ಕ:
ಇದು ಚೆನ್ನಾಗಿದೆ ಮೇಡಂ, ಸಿಂಕ್ ವಿಷಯದಲ್ಲಿ ಮಾತ್ರ ನಾನು ಬಿಡಲ್ಲ 🙂 ಹಾಗೇ ಫ್ರಿಜ್ ಬಾಗಿಲ ಸಂದಿಗೆ ಒಂದು ಕಾಗದ ಸಿಕ್ಸಿ ಮುಚ್ಚಿ ಎಳೆದು ನೋಡಿ, ಸಲೀಸಾಗಿ ಬಂದ್ರೆ ಅಂಚಿನ ರಬ್ಬರ್ ಸಡಿಲ, ತಂಪು ಸೋರ್ತಿದೆ. ಹಿಂದ್ಗಡೆ ಜಾಲರಿ ಧೂಳು ಹೊಡೀರಿ, ಗೋಡೆಗೆ ಅಂಟಿಸಿಡ್ಬೇಡಿ.

ಸುಮ್ನೆ ಕೇಳ್ದೆ:
ಎಲ್ಲಾ ಸರಿ, ಇದಕ್ಕೆಲ್ಲ ಹೋಗೋ ಟೈಮ್ ಯಾರ ಲೆಕ್ಕ? ದಂಟು ಕೆತ್ತೋದು, ಕವರ್ ಚಪ್ಪಟೆ ಮಾಡೋದು, ಸೊಪ್ಪಿಗೆ ಬಟ್ಟೆ ಸುತ್ತೋದು. ಮನೇಲಿ ಯಾರು ಮಾಡ್ತಾರೋ ಅವ್ರ ಸಮಯ ಫ್ರೀ ಅಂತ ಎಲ್ರೂ ಅಂದ್ಕೊಂಡಿದೀವಿ.

ಹಳೇ ಕುಕ್ಕರ್:
ಇದು ಸರಿಯಾದ ಮಾತು. ಅದಕ್ಕೇ ನಾನು ಸೋಪಿನ ಚೂರು ಉಂಡೆ ಕಟ್ಟೋ ಕೆಲಸಕ್ಕೆ ಕೈ ಹಾಕಲ್ಲ, ಹೊಸ ಸೋಪಿನ ಬೆನ್ನಿಗೆ ಒದ್ದೆ ಮಾಡಿ ಅಂಟಿಸಿದ್ರೆ ಮುಗೀತು. ಒಂದ್ಸಲ ಮಾಡಿದ್ರೆ ವರ್ಷಾನುಗಟ್ಲೆ ಉಳಿಸೋ ಕೆಲಸ ಮೊದ್ಲು ಮಾಡಿ, ನಲ್ಲಿ ವಾಷರ್, ಫ್ರಿಜ್ ರಬ್ಬರ್, ಬಲ್ಬು. ಮುಚ್ಚಳ ಮುಚ್ಚೋದಕ್ಕೆ ಟೈಮೇ ಬೇಡ. ಮಿಕ್ಕಿದ್ದು ಮನಸ್ಸಿದ್ರೆ ಮಾಡಿ, ಮನೆಯಲ್ಲಿ ಊಟ ಮಾಡೋರೆಲ್ಲಾ ಹಂಚ್ಕೊಂಡು ಮಾಡಿ.

ತಿಂಗಳ ಕೊನೆ:
ಚೀಟಿ ಅಂಟಿಸಿ ಆಯ್ತು, ಮೊದಲ್ನೇ ದಿನವೇ ಅರ್ಧ ಡಬ್ಬಿ ಮೊಸರು, ಒಂದು ಸೌತೆಕಾಯಿ ಬಂತು. ಮಕ್ಕಳು "ಏನು ಎಸೆದ್ವಿ" ಪಕ್ಕ ಚಿತ್ರ ಬರೀತಿದಾರೆ. ಗೀಸರ್ ಆನ್ ಮಾಡೋ ಕೆಲಸ ಇನ್ಮುಂದೆ ಮೊದ್ಲು ಏಳೋರದ್ದಲ್ಲ, ಸ್ನಾನಕ್ಕೆ ಮೊದ್ಲು ಹೋಗೋರದ್ದು ಅಂತ ರೂಲ್ ಮಾಡಿದೀನಿ, ಒಬ್ರ ಹಿಂದೆ ಒಬ್ರು ಹೋಗ್ಬೇಕು. ಇನ್ನೊಂದು ಕೇಳೋದಿತ್ತು, ನಮ್ ಕುಕ್ಕರ್ ಪಕ್ಕದಿಂದ ಹಬೆ ಬರುತ್ತೆ, ವಿಷಲ್ಲೇ ಬರಲ್ಲ. ಗ್ಯಾಸ್ಕೆಟ್ ಫ್ರೀಜರಲ್ಲಿ ಇಟ್ರೆ ಸರಿ ಹೋಗುತ್ತೆ ಅಂತ ಒಬ್ರು ಹೇಳಿದ್ರು, ಹೌದಾ?

ಉದ್ದ ಸೌಟು:
ನಾವೂ ಇಡ್ತೀವ್ರಿ, ಆ ಹೊತ್ತಿಗೆ ನಡೀತದ.

ವಾಟ್ ಲೆಕ್ಕ:
ಆ ಹೊತ್ತಿಗೆ ಅಷ್ಟೇ. ರಬ್ಬರ್ ತಣ್ಣಗಾಗಿ ಸ್ವಲ್ಪ ಬಿಗಿ ಆಗುತ್ತೆ, ಬಿಸಿ ಆದ್ಮೇಲೆ ಮತ್ತೆ ಅದೇ. ಮೊದ್ಲು ಅಂಚಲ್ಲಿ ಅನ್ನದ ಅಗಳು ಏನಾದ್ರೂ ಒಣಗಿ ಅಂಟಿದೆಯಾ ನೋಡಿ, ವೆಯ್ಟ್ ಕೂರೋ ತೂತಿಗೆ ಬೆಳಕು ಹಿಡಿದು ನೋಡಿ. ಅದೆಲ್ಲಾ ಸರಿ ಇದ್ದು ರಬ್ಬರ್ ಗಟ್ಟಿಯಾಗಿದ್ರೆ, ಬಿರುಕು ಬಿಟ್ಟಿದ್ರೆ, ಹೊಸದು ತನ್ನಿ. ನಿಮ್ ಕುಕ್ಕರ್ ಕಂಪನಿದೇ, ಅದೇ ಲೀಟರಿಂದೇ ಇರ್ಲಿ, ಹಳೇದನ್ನ ಜೊತೆಗೆ ತಗೊಂಡೋಗಿ ಅಂಗಡೀಲಿ ಮೇಲಿಟ್ಟು ಅಳೆದು ನೋಡಿ.

ಹಳೇ ಕುಕ್ಕರ್:
ತಂದ್ಮೇಲೆ ಅಡುಗೆ ಆದ ತಕ್ಷಣ ಮುಚ್ಚಳದಿಂದ ತೆಗೆದು ತೊಳೆದು ಬೇರೆ ಇಡು. ಮುಚ್ಚಳದಲ್ಲೇ ಬಿಟ್ಟು ಬಿಗಿದಿಟ್ರೆ ಹೊಸದೂ ಬೇಗ ಹಿಗ್ಗುತ್ತೆ.

ತಿಂಗಳ ಕೊನೆ:
ಹೊಸ ಗ್ಯಾಸ್ಕೆಟ್ ಹಾಕಿದ ಮೇಲೆ ಮೊದಲ್ನೇ ಸಲ ಮುಚ್ಚಳ ಹಾಕೋಕೇ ಆಗ್ತಿಲ್ಲ ಅಕ್ಕ, ಅಷ್ಟು ಟೈಟು!

ಹಳೇ ಕುಕ್ಕರ್:
ಒಂದು ಹನಿ ಎಣ್ಣೆ ಸವರು.